ಪೂರ್ಣವಿರಾಮ ಮೇಡಂ ಮತ್ತು ಎಂಟು ಸೀಲುಗಳು

ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುವವರೆಗೂ ತಮ್ಮ ಬೆನ್ನ ಹಿಂದೆ ಊರೇ ನಗುತ್ತಿದೆ ಎಂಬುದು ಪೂರ್ಣವಿರಾಮ ಮೇಡಂಗೆ ಗೊತ್ತಿರಲಿಲ್ಲ. ಈರುಳ್ಳಿ ತೂಗುತ್ತಿದ್ದ ಅಂಗಡಿಯವನು ನಕ್ಕಾಗ, ಪಾಪ, ಇವತ್ತು ವ್ಯಾಪಾರ ಚೆನ್ನಾಗಿರಬೇಕು ಎಂದುಕೊಂಡರು. ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರು ಸ್ಕೂಲು ಹುಡುಗಿಯರು ಕಿಸಕ್ಕೆಂದಾಗ, ವಯಸ್ಸೇ ಅಂಥದ್ದು ಎಂದು ಕ್ಷಮಿಸಿದರು. ಮನೆ ಬಾಗಿಲು ತೆಗೆದ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಹೆಂಡತಿ ಚಪ್ಪಲಿ ಬಿಡಲು ತಿರುಗಿದಾಗ ಸ್ವೆಟರಿನ ಬೆನ್ನಿಗೆ ಅಂಟಿದ್ದ ಹಳದಿ ಚೀಟಿ ಕಂಡಿತು. ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗಿಳಿಸಿ, ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿದರು: ‘ಇವರಿಗೆ ಇನ್ನೂ ಬೆಳೆಯಲು ಅವಕಾಶವಿದೆ.’

ಮೇಡಂ ಬಸ್ಸಿನಲ್ಲಿ ಒಂದೂವರೆ ಸೀಟು ಹಿಡಿಯುವ ಆಳು.

“ಇನ್ನೂನಾ?” ಎಂದರು ಯಜಮಾನರು. “ಹಾಗಾದ್ರೆ ಬಾಗಿಲು ಅಗಲ ಮಾಡಿಸ್ಬೇಕು ಕಣೇ.”

ಆ ಚೀಟಿ ಅಂಟಿಸಿದವಳು ನಾನು. ಅಂದು ನಮ್ಮಂಥ ಶಿಕ್ಷಕರಿಗೆಂದು ನಡೆದ ಉಪನ್ಯಾಸದಲ್ಲಿ, ಪಕ್ಕದವರ ಬಗ್ಗೆ ಒಂದು ಒಳ್ಳೆಯ ಮಾತು ಬರೆದು ಅವರ ಬೆನ್ನಿಗೆ ಅಂಟಿಸಿ ಎಂದು ಅಪ್ಪಣೆಯಾಗಿತ್ತು. ಆಮೇಲೆ ಎಲ್ಲರೂ ಹಾಲಿನ ತುಂಬ ಓಡಾಡಿ, ಒಬ್ಬರ ಬೆನ್ನು ಒಬ್ಬರು ಓದಿ, ಅಪ್ಪಿಕೊಂಡು, ಚೀಟಿ ಕಿತ್ತುಕೊಡಬೇಕಿತ್ತು. ಅಪ್ಪಿಕೊಳ್ಳುವ ಘಟ್ಟ ಬರುವ ಮೊದಲೇ ಮೇಡಂ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟಿದ್ದರು. ಬರೆಯಲು ನನಗೆ ಹೊಳೆದದ್ದು ಅದೊಂದೇ ವಾಕ್ಯ. ನಮ್ಮ ಕಾನ್ವೆಂಟಿನ ಸಿಸ್ಟರ್ ಹತ್ತು ವರ್ಷ ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಬರೆದದ್ದೂ ಅದನ್ನೇ. ಮರುದಿನ ಸ್ಟಾಫ್ ರೂಮಿನಲ್ಲಿ ಮೇಡಂ ಆ ಚೀಟಿಯನ್ನು ನನ್ನ ಟೀ ಲೋಟಕ್ಕೆ ಅಂಟಿಸಿದರು.

“ಇಪ್ಪತ್ತೆಂಟು ವರ್ಷ ಕಾಪಿ ತಿದ್ದಿದೀನಿ. ಯಾರ ಅಕ್ಷರ ಅಂತ ಗೊತ್ತಾಗಲ್ವೇನೇ?”

ಯಾವ ವಾದವನ್ನಾದರೂ ಹೀಗೆ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದುದರಿಂದ ಅವರಿಗೆ ಆ ಹೆಸರು. ಹೆಸರಿನಲ್ಲಿ ವಿರಾಮ ಇತ್ತೇ ಹೊರತು ಬದುಕಿನಲ್ಲಿ ಇರಲಿಲ್ಲ. ಇಂಗ್ಲಿಷ್ ಕಲಿಸುವ ನಮ್ಮ ಸಂಸ್ಥೆಯಲ್ಲಿ ನಾನು ಮಕ್ಕಳಿಗೆ ಕಲಿಸುತ್ತೇನೆ, ಅವರು ದೊಡ್ಡವರಿಗೆ. ಅವರ ತರಗತಿ ಏಳನೇ ನಂಬರಿನ ಕೋಣೆ. ಕೆಳಗೆ ಜೆರಾಕ್ಸ್ ಅಂಗಡಿ, ಅದರ ಯಂತ್ರದ ಗುಂಯ್ ಶಬ್ದ ನೆಲ ತೂರಿಕೊಂಡು ಮೇಲೆ ಬರುತ್ತದೆ. ಕಿಟಕಿಯ ಚಿಲಕ ಮುರಿದು ಆರು ವರ್ಷವಾಗಿ, ಒಂದು ಹಳೆಯ ನಿಘಂಟು ಅದನ್ನು ಒತ್ತಿ ಹಿಡಿದಿದೆ. “ಕೊನೆಗೂ ಯಾವುದೋ ಕೆಲಸಕ್ಕೆ ಬಂತಲ್ಲ,” ಎನ್ನುತ್ತಾರೆ ಮೇಡಂ.

ಅವರಿಗೆ ಇಂಗ್ಲಿಷ್ ಬಂದದ್ದು ಪುಸ್ತಕದಿಂದಲ್ಲ. ಅವರ ತಂದೆ ಒಂದು ದೊಡ್ಡ ಹೋಟೆಲಿನಲ್ಲಿ ಲಿಫ್ಟ್ ನಡೆಸುತ್ತಿದ್ದರು. ಹೊರದೇಶದ ಅತಿಥಿಗಳು ಲಿಫ್ಟಿನಲ್ಲಿ ಆಡಿದ ಮಾತುಗಳನ್ನು ನೆನಪಿಟ್ಟುಕೊಂಡು ಸಂಜೆ ಬಂದು ಮಗಳಿಗೆ ಒಪ್ಪಿಸುತ್ತಿದ್ದರು. ಲಿಫ್ಟಿಗೆ ಹತ್ತಿದವರು ನಾಲ್ಕನೇ ಮಹಡಿಯಲ್ಲಿ ಇಳಿದುಹೋಗುವುದರಿಂದ ವಾಕ್ಯಗಳೆಲ್ಲ ಅರ್ಧ. ‘ನಿನ್ನ ತಮ್ಮನಿಗೆ ಹೇಳು, ಇನ್ನು ಮುಂದೆ ನಾನು ಯಾವತ್ತೂ’ ಎನ್ನುವಷ್ಟಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಉಳಿದರ್ಧ ಏನಿದ್ದಿರಬಹುದು ಎಂದು ಅಪ್ಪ ಮಗಳು ಊಟ ಮುಗಿಯುವವರೆಗೂ ಊಹಿಸುತ್ತಿದ್ದರು. ಪರರ ಜಗಳದ ಅರ್ಧ ವಾಕ್ಯಗಳನ್ನು ಪೂರ್ತಿ ಮಾಡುತ್ತ ಮಾಡುತ್ತ ಆ ಹುಡುಗಿಗೆ ಒಂದು ಭಾಷೆಯೇ ಬಂದುಬಿಟ್ಟಿತು. ಕಲಿಸುವಾಗಲೂ ಅದೇ ರೀತಿ: ಅರ್ಧ ಹೇಳುತ್ತಾರೆ, ಉಳಿದರ್ಧಕ್ಕೆ ಕಾಯುತ್ತಾರೆ. ಎಷ್ಟು ಹೊತ್ತಾದರೂ ಕಾಯುತ್ತಾರೆ. ಅಷ್ಟು ತಾಳ್ಮೆಯ ಹೆಂಗಸಿಗೆ ಬೇರೆ ಎಲ್ಲ ಕಡೆಯೂ ಮೂಗಿನ ತುದಿಯಲ್ಲಿ ಕೋಪ ಹೇಗೆ ಎಂದು ಕೇಳಿದರೆ, “ತಾಳ್ಮೆಯೆಲ್ಲ ಏಳನೇ ನಂಬರಲ್ಲೇ ಖರ್ಚಾಗೋಗತ್ತೆ. ಮನೆಗೆ ತರೋಕೆ ಮಿಕ್ಕಲ್ಲ,” ಎಂದು ಯಜಮಾನರು ಉತ್ತರ ಕೊಡುತ್ತಾರೆ.

ಆ ಕೋಪಕ್ಕೆ ಆಗಾಗ ಕಟ್ಟಿಗೆ ಒಟ್ಟುತ್ತಿದ್ದುದು ‘ವೃತ್ತಿಪರ ಅಭಿವೃದ್ಧಿ ಉಪನ್ಯಾಸ’.

ಮೇಷ್ಟ್ರುಗಳು ತುಕ್ಕು ಹಿಡಿಯಬಾರದೆಂದು ನಮಗೆಲ್ಲ ವರ್ಷಕ್ಕೆ ಮೂವತ್ತು ಗಂಟೆ ಉಪನ್ಯಾಸ ಕೇಳುವುದು ಕಡ್ಡಾಯ. ಪ್ರತಿಯೊಬ್ಬರಿಗೂ ಹಸಿರು ರಟ್ಟಿನ ಒಂದು ಪುಸ್ತಕ. ಒಂದು ಗಂಟೆ ಕೂತರೆ ಒಂದು ಸೀಲು. ಉಪನ್ಯಾಸ ಕೊಡಲು ಬರುವವರನ್ನು ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಸಂಪತ್ತು ಎಲ್ಲಿದೆಯೋ ನಾನು ಕಾಣೆ. ಅಷ್ಟು ಹೊತ್ತು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತವರಿಗೆ ಮೂಲವ್ಯಾಧಿ ಮಾತ್ರ ಖಚಿತ. ನಾವು ಕೆಲಸಕ್ಕೆ ಸೇರಿದ ವರ್ಷ, ತರಗತಿಯಲ್ಲಿ ನಮ್ಮ ಭಾಷೆಯ ಒಂದಕ್ಷರ ಆಡಿದರೂ ಪಾಪ ಎಂದು ಒಬ್ಬರು ಬಂದು ಹೇಳಿ ಹೋದರು. ಎಂಟು ವರ್ಷದ ನಂತರ ಬಂದವರು, ಮಾತೃಭಾಷೆಯನ್ನು ಹೊರಗಟ್ಟಿದ ಮಹಾಪಾಪಿಗಳು ಯಾರು, ಕೈ ಎತ್ತಿ ಎಂದರು. ಕೆಂಪು ಪೆನ್ನಿನಲ್ಲಿ ತಿದ್ದುವುದು ಹಿಂಸೆ ಎಂದು ತಿಳಿದು ಹಸಿರು ಪೆನ್ನು ಕೊಂಡದ್ದಾಯಿತು. ಹಸಿರಿನಲ್ಲಿ ತಿದ್ದುವುದೂ ಹಿಂಸೆ, ತಿದ್ದುವುದೇ ಹಿಂಸೆ ಎಂದು ಗೊತ್ತಾಗುವಷ್ಟರಲ್ಲಿ ಪೆನ್ನಿನ ಮಸಿ ಇನ್ನೂ ಮುಗಿದಿರಲಿಲ್ಲ. ಸಾಲು ಸಾಲಾಗಿ ಕೂರಿಸಬೇಡಿ, ಗುಂಡಗೆ ಕೂರಿಸಿ ಎಂದು ಸಾಲು ಸಾಲಾಗಿ ಕೂತಿದ್ದ ನಮಗೆ ಹೇಳಿದರು. ಉಪನ್ಯಾಸ ಮಾಡಬೇಡಿ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ ಎಂದು ಒಬ್ಬರು ಎರಡು ಗಂಟೆ ಉಪನ್ಯಾಸ ಮಾಡಿದರು. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ. ಮುಂದಿನ ಸಾಲಿನಲ್ಲಿ ಕೂತು, ಸೀಲು ಹಾಕಿಸಿಕೊಂಡು ಬಂದಿದ್ದೇನೆ.

“ಅಭಿವೃದ್ಧಿ ಆಗ್ತಾ ಆಗ್ತಾ ವೃದ್ಧೆನೇ ಆಗ್ಬಿಟ್ಟೆ,” ಎನ್ನುತ್ತಿದ್ದರು ಮೇಡಂ. ಆದರೂ ಇಷ್ಟು ವರ್ಷ ಬೈಯುತ್ತಲೇ ಕೂತರು, ಬೈಯುತ್ತಲೇ ಸೀಲು ಹಾಕಿಸಿಕೊಂಡರು. ಈ ವರ್ಷ ಮಾತ್ರ ಅದು ಅವರ ಗುರುವಾರಕ್ಕೆ ಬಂದು ಒದೆಯಿತು.

ಗುರುವಾರ ಸಂಜೆ ನಾಲ್ಕರಿಂದ ಆರು, ಏಳನೇ ಕೋಣೆಗೆ ಒಂಬತ್ತು ಹೆಂಗಸರು ಬರುತ್ತಾರೆ. ಎಲ್ಲರೂ ದೊಡ್ಡಾಸ್ಪತ್ರೆಯ ಲಾಂಡ್ರಿಯವರು. ರೋಗಿಗಳ ಹಾಸಿಗೆ ಬಟ್ಟೆ ಒಗೆಯುವ ಆ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಬಾಯ್ಲರನ್ನು ತಣ್ಣಗಾಗಲು ಬಿಡುತ್ತಾರೆ. ಬಾಯ್ಲರು ತಣ್ಣಗಾದ ಹೊತ್ತಿನಲ್ಲಿ ಇವರು ಇಂಗ್ಲಿಷ್ ಕಲಿಯುತ್ತಾರೆ. ಬೇರೆ ಯಾವ ದಿನವೂ ಒಂಬತ್ತು ಜನರನ್ನು ಒಟ್ಟಿಗೆ ಬಿಡುವುದಿಲ್ಲ. ಮಾತಿನ ಪರೀಕ್ಷೆ ಪಾಸಾದವರನ್ನು ಮೇಲಿನ ವಾರ್ಡುಗಳಿಗೆ ಸಹಾಯಕಿಯರಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಗಾಳಿ ಇದೆ, ಕಿಟಕಿ ಇದೆ, ಬೆಳಕಿದೆ. ಕೆಳಗೆ ಹಬೆ, ಕ್ಲೋರಿನ್ನು.

ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಬಿಸಿ ಬಟ್ಟೆ ಎಳೆದೆಳೆದು ಬೆರಳ ತುದಿಯ ಚರ್ಮ ನುಣ್ಣಗಾಗಿಹೋಗಿದೆ. ಹಾಜರಿ ಯಂತ್ರದ ಮೇಲೆ ಬೆರಳು ಇಟ್ಟರೆ ಅದು ಈಕೆಯನ್ನು ಗುರುತೇ ಹಿಡಿಯುವುದಿಲ್ಲ. ದೊಡ್ಡಮ್ಮ ಆ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ. ಐವತ್ತು ದಾಟಿದವರಿಗೆ ಅವಕಾಶವಿಲ್ಲ, ಅವಳಿಗೆ ಐವತ್ತಾಗುವುದು ಈ ವರ್ಷದ ಕೊನೆಗೆ. ಇದೇ ಕೊನೆಯ ಸಲ.

ಪರೀಕ್ಷೆಗೆ ಆರು ಗುರುವಾರ ಉಳಿದಿತ್ತು. ಆಗ ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಬಂತು: ವರ್ಷದ ಕೊನೆಯ ನಾಲ್ಕು ಉಪನ್ಯಾಸಗಳು, ಬರುವ ನಾಲ್ಕು ಗುರುವಾರ, ಸಂಜೆ ನಾಲ್ಕರಿಂದ ಆರು. ಮೊದಲನೆಯ ವಿಷಯ, ‘ಯಾವ ವಿದ್ಯಾರ್ಥಿಯನ್ನೂ ಹಿಂದೆ ಬಿಡದಿರುವುದು ಹೇಗೆ’.

ಮೇಡಂ ಪುಸ್ತಕದಲ್ಲಿ ಇಪ್ಪತ್ತೆರಡು ಸೀಲಿತ್ತು. ಇನ್ನೂ ಎಂಟು ಬೇಕು. ಎಂಟೂ ಇದೇ ನಾಲ್ಕು ಗುರುವಾರಗಳಲ್ಲಿ.

ನಮ್ಮ ಸಂಯೋಜಕನಿಗೆ ಸ್ಟೇಪ್ಲರ್ ಎಂದು ಹೆಸರು, ಯಾವ ಫಾರ್ಮನ್ನೂ ಇನ್ನೊಂದು ಫಾರ್ಮಿಗೆ ಜೋಡಿಸದೆ ಬಿಡುವುದಿಲ್ಲ. ಮೇಡಂ ಅವನ ಕೋಣೆಗೆ ನುಗ್ಗಿದಾಗ ನಾನು ಹಿಂದೆ ನಿಂತಿದ್ದೆ, ಬೆಂಕಿ ಆರಿಸುವ ದಳದ ಹಾಗೆ.

“ಗುರುವಾರ ನನಗೆ ಕ್ಲಾಸಿದೆ.”

“ಗೊತ್ತು ಮೇಡಂ. ಕ್ಲಾಸಿನವರಿಗೆ ವರ್ಕ್‌ಶೀಟ್ ಕೊಟ್ಬಿಡಿ. ಸ್ವಯಂ ಅಧ್ಯಯನ.”

“ಅವರದ್ದು ಮಾತಿನ ಪರೀಕ್ಷೆ. ವರ್ಕ್‌ಶೀಟ್ ಜೊತೆ ಮಾತಾಡ್ತಾರಾ?”

“ಹಾಗಾದ್ರೆ ಉಪನ್ಯಾಸಕ್ಕೆ ಬರಬೇಡಿ ಮೇಡಂ, ಬಲವಂತ ಏನಿಲ್ಲ.” ಅವನು ಡ್ರಾಯರಿನಿಂದ ಒಂದು ಹಾಳೆ ತೆಗೆದ. “ಆದ್ರೆ ಪರೀಕ್ಷೆ ಅರ್ಜಿಗೆ ಕ್ಲಾಸ್ ಟೀಚರ್ ಸಹಿ ಬೇಕಲ್ಲ, ಆ ಸಹಿ ಮಾಡೋಕೆ ಟೀಚರ್ ಪುಸ್ತಕದಲ್ಲಿ ಮೂವತ್ತು ಸೀಲ್ ಇರ್ಬೇಕು. ಹೊಸ ನಿಯಮ. ಇಲ್ದಿದ್ರೆ ಅರ್ಜಿ ವಾಪಸ್ ಬರತ್ತೆ.”

ಮೇಡಂ ಆ ಹಾಳೆಯನ್ನು ಓದಿದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು, ಅಲ್ಲೇನಾದರೂ ಬುದ್ಧಿ ಬರೆದಿರಬಹುದೇನೋ ಎಂಬಂತೆ.

“ಅಂದ್ರೆ, ನಾನು ಕಲಿಸಿದ್ರೆ ಅವರು ಪರೀಕ್ಷೆಗೆ ಕೂರೋ ಹಾಗಿಲ್ಲ. ಅವರು ಪರೀಕ್ಷೆಗೆ ಕೂರ್ಬೇಕಾದ್ರೆ ನಾನು ಕಲಿಸೋ ಹಾಗಿಲ್ಲ.”

“ನೀವು ಹಾಗೆ ನೆಗೆಟಿವ್ ಆಗಿ ನೋಡ್ಬಾರ್ದು ಮೇಡಂ.”

“ಯಾವ ಕಡೆಯಿಂದ ನೋಡ್ಲಪ್ಪ? ಒಂದ್ಸಲ ನಿನ್ನ ಕುರ್ಚಿ ಮೇಲೆ ಕೂತ್ಕೊಂಡು ನೋಡ್ಲಾ? ಅಲ್ಲಿಂದ ಚೆನ್ನಾಗಿ ಕಾಣತ್ತೇನೋ.”

ಅವನು ಮೆಲ್ಲಗೆ ಕುರ್ಚಿಯ ಎರಡು ಕೈ ಹಿಡಿದುಕೊಂಡ.

ಅಂದು ಸಂಜೆ ಅವರ ಮನೆಗೆ ಹೋಗಿದ್ದೆ. ಮೇಡಂ ಚಪಾತಿ ಲಟ್ಟಿಸುವುದನ್ನು ನೋಡಿದರೆ ಹಿಟ್ಟಿನ ಜಾಗದಲ್ಲಿ ಯಾರಿದ್ದಾರೆಂದು ಗೊತ್ತಾಗುತ್ತಿತ್ತು. ಯಜಮಾನರು ಮೇಜಿನ ಮೇಲೆ ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದರು.

“ಲೇ, ಅವರ್ಗೆ ಗಂಟೆ ಲೆಕ್ಕ ತಾನೇ ಬೇಕು? ಒಂದು ಗಡಿಯಾರ ಕೊಡ್ತೀನಿ, ಗಂಟೆಗೆ ಎರಡು ಗಂಟೆ ಓಡತ್ತೆ. ಗೋಡೆಗೆ ಹಾಕ್ಸು.”

“ನಿಮಗೆ ತಮಾಷೆ. ಆ ದೊಡ್ಡಮ್ಮನ ಕೈ ನೋಡಿದ್ರೆ ಗೊತ್ತಾಗತ್ತೆ.”

“ಸರಿ, ಅವರನ್ನ ಬಿಟ್ಟು ಹೋಗೋಕಾಗಲ್ಲ, ಹೋಗದೆ ಇರೋಕಾಗಲ್ಲ. ಕರ್ಕೊಂಡೇ ಹೋಗು.” ಅವರು ತಲೆಯೆತ್ತದೆ ಹೇಳಿದ್ದು ಬರೀ ಬಾಯಿಚಪಲಕ್ಕೆ. ಆದರೆ ಮೇಡಂ ಕೈಯಲ್ಲಿದ್ದ ಲಟ್ಟಣಿಗೆ ನಿಂತುಬಿಟ್ಟಿತು.

ಗುರುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಾಲಿನ ಬಾಗಿಲಲ್ಲಿ ಪೂರ್ಣವಿರಾಮ ಮೇಡಂ ಕಂಡರು, ಹಿಂದೆ ಒಂಬತ್ತು ಹೆಂಗಸರು. ಲಾಂಡ್ರಿಯ ನೀಲಿ ಅಂಗಿ, ಕೊರಳಲ್ಲಿ ಆಸ್ಪತ್ರೆಯ ಐಡಿ ಕಾರ್ಡು. ನಮ್ಮ ಕೊರಳಲ್ಲೂ ಅಂಥದ್ದೇ ಕಾರ್ಡು. ಯಾವ ಉಪನ್ಯಾಸಕ್ಕೂ ಹಿಂದಿನ ಮೂರು ಸಾಲು ಖಾಲಿಯೇ ಇರುತ್ತದೆ. ಅವರು ಅಲ್ಲಿ ಹೋಗಿ ಕೂತರು. ಬಾಗಿಲಲ್ಲಿ ಹಾಜರಿ ಪಟ್ಟಿ ಹಿಡಿದಿದ್ದ ಸ್ಟೇಪ್ಲರ್ ಓಡಿ ಬಂದ.

“ಮೇಡಂ, ಇದೇನು?”

“ಯಾವ ವಿದ್ಯಾರ್ಥಿಯನ್ನೂ ಹಿಂದೆ ಬಿಡಬಾರ್ದಂತೆ. ಬೋರ್ಡಲ್ಲಿ ನೀನೇ ಬರೆದಿದೀಯ.”

ಅವನು ಬಾಯಿ ತೆರೆಯುವಷ್ಟರಲ್ಲಿ ದೀಪ ಆರಿಸಿ ಮೊದಲ ಸ್ಲೈಡು ಹಾಕಿದರು.

ಮೇಡಂ ಯೋಜನೆ ಸರಳವಾಗಿತ್ತು. ಮುಂದೆ ಉಪನ್ಯಾಸಕ ಮಾತಾಡುತ್ತಿರಲಿ, ಹಿಂದೆ ಪಿಸುದನಿಯಲ್ಲಿ ತಮ್ಮ ಪಾಠ ನಡೆಯಲಿ. ಅರ್ಧ ಗಂಟೆ ಹಾಗೇ ನಡೆಯಿತು. ‘ರೋಗಿ ನೀರು ಕೇಳಿದಾಗ ನೀವು’ ಎಂದು ಮೇಡಂ ಪಿಸುಗುಡುವುದು, ಹಿಂದಿನ ಸಾಲು ಅದನ್ನು ಪೂರ್ತಿ ಮಾಡುವುದು. ನಾನು ಎರಡು ಸಾಲು ಮುಂದೆ ಕೂತು ಎರಡೂ ಪಾಠ ಕೇಳಿಸಿಕೊಂಡೆ. ಹಿಂದಿನದೇ ಚೆನ್ನಾಗಿತ್ತು.

ದೂರದಿಂದ ಬಂದ ತಜ್ಞ ನಲವತ್ತರ ಆಸುಪಾಸಿನವನು, ಹಸನ್ಮುಖಿ, ಕೈಯಲ್ಲಿ ಸ್ಲೈಡು ಬದಲಿಸುವ ಪುಟ್ಟ ಗುಂಡಿ. ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿ ಹೇಳುತ್ತೇನೆ. “ಈಗ ನೀವೆಲ್ಲ ಏನೂ ಬಾರದ ವಿದ್ಯಾರ್ಥಿಗಳು,” ಎಂದ. ಪ್ರತಿ ಉಪನ್ಯಾಸದಲ್ಲೂ ಈ ಘಟ್ಟ ಬಂದೇ ಬರುತ್ತದೆ. ನಮ್ಮನ್ನು ಎಬ್ಬಿಸಿ ನಿಲ್ಲಿಸಿ, ಭಾಷೆ ಬಾರದವರಂತೆ ನಟಿಸಲು ಹೇಳುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಹೆಂಗಸರು ಗಂಡಸರು ನಾಚಿಕೆ ಬಿಟ್ಟು ತೊದಲುತ್ತಾರೆ. ನಾನೂ ತೊದಲಿದ್ದೇನೆ, ಒಂದು ಸಲ ಬಹುಮಾನವೂ ಬಂದಿದೆ.

ಅವನು ಹಾಲಿನ ಉದ್ದಕ್ಕೂ ನಡೆದು ಹಿಂದಿನ ಸಾಲಿಗೆ ಹೋದ. ಅಲ್ಲಿ ಎಲ್ಲರಿಗಿಂತ ನೆಟ್ಟಗೆ ಕೂತು ಕಣ್ಣರಳಿಸಿ ನೋಡುತ್ತಿದ್ದವಳು ದೊಡ್ಡಮ್ಮ. ಅವಳ ಮುಂದೆ ಮೈಕು ಹಿಡಿದ.

“ನಿಮ್ಮ ಕೆಲಸದ ಬಗ್ಗೆ ಹೇಳಿ.”

ದೊಡ್ಡಮ್ಮ ಎದ್ದು ನಿಂತಳು. ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿದರು. ಈ ಪ್ರಶ್ನೆಯನ್ನು ಅವರು ಎರಡು ವರ್ಷದಿಂದ ಅಭ್ಯಾಸ ಮಾಡಿಸಿದ್ದರು.

“ಐ... ಐ ವಾಶ್ ದ ಬೆಡ್‌ಶೀಟ್,” ಎಂದಳು ದೊಡ್ಡಮ್ಮ. “ಎವರಿ ಡೇ, ಫೋರ್ ಹಂಡ್ರೆಡ್ ಬೆಡ್‌ಶೀಟ್. ವೆರಿ ಹಾಟ್. ಮೈ ಹ್ಯಾಂಡ್ ಈಸ್...” ಪದ ಸಿಗಲಿಲ್ಲ. ಎರಡೂ ಅಂಗೈಗಳನ್ನು ಎತ್ತಿ ಅವನಿಗೆ ತೋರಿಸಿದಳು. “ಐ ವಾಂಟ್ ಗೋ ಅಪ್. ಅಪ್‌ಸ್ಟೇರ್ಸ್. ದೇರ್ ಈಸ್ ವಿಂಡೋ.”

ಎತ್ತಿದ ಅಂಗೈಗಳನ್ನು ಇಳಿಸದೆ ನಿಂತಿದ್ದಳು.

ತಜ್ಞನ ಮುಖ ಹೊಳೆಯಿತು. ಅವನು ಹಾಲಿನ ಕಡೆ ತಿರುಗಿದ.

“ಕೇಳಿದಿರಾ? ಎಂಥಾ ಅಭಿನಯ! ಆ ತಡವರಿಕೆ, ಆ ಕೈ ಸನ್ನೆ! ಹದಿನೈದು ವರ್ಷದಲ್ಲಿ ನೂರಾರು ಶಿಕ್ಷಕರಿಂದ ಈ ಪಾತ್ರ ಮಾಡಿಸಿದ್ದೇನೆ. ಕಲಿಯುವವರ ತಪ್ಪುಗಳನ್ನು ಇಷ್ಟು ಸಹಜವಾಗಿ ಮಾಡಿದವರು ಇವರೊಬ್ಬರೇ. ಒಂದು ಚಪ್ಪಾಳೆ!”

ಜನ ಚಪ್ಪಾಳೆ ತಟ್ಟಿದರು. ತಟ್ಟು ಎಂದರೆ ತಟ್ಟುವುದು ನಮಗೆ ರೂಢಿಯಾಗಿಹೋಗಿದೆ. ಅವಳು ಯಾರೆಂದು ಗೊತ್ತಿಲ್ಲದವರು ಜೋರಾಗಿ ತಟ್ಟಿದರು, ಗೊತ್ತಿದ್ದವರು ಮೆಲ್ಲಗೆ. ನನ್ನ ಕೈಯೂ ಒಂದು ಸಲ ಒಂದಕ್ಕೊಂದು ಬಡಿಯಿತು. ಆ ಸದ್ದಿಗೆ ನಾನು ಇವತ್ತಿಗೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಒದ್ದಾಡುತ್ತೇನೆ. ದೊಡ್ಡಮ್ಮನಿಗೆ ಅವನ ಮಾತು ಪೂರ್ತಿ ಅರ್ಥವಾಗಲಿಲ್ಲ. ಚಪ್ಪಾಳೆ ಅರ್ಥವಾಯಿತು. ಅವಳು ನಗುತ್ತ ಕೈಮುಗಿದಳು.

ಪೂರ್ಣವಿರಾಮ ಮೇಡಂ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

“ಅವಳು ಅಭಿನಯ ಮಾಡ್ತಿಲ್ಲ,” ಎಂದರು. ಮೊದಲು ಇಂಗ್ಲಿಷಿನಲ್ಲಿ. ಆಮೇಲೆ ಕೋಪ ಹೆಚ್ಚಾಗಿ ನಮ್ಮ ಭಾಷೆಗೆ ಇಳಿದರು. “ಅವಳು ಲಾಂಡ್ರಿಯವಳು. ದಿನಾ ನಾನೂರು ಬೆಡ್‌ಶೀಟ್ ಒಗೀತಾಳೆ. ಈ ನಾಲ್ಕು ವಾಕ್ಯ ಕಲಿಯೋಕೆ ಅವಳಿಗೆ ಎರಡು ವರ್ಷ ಆಗಿದೆ. ಹದಿನೈದು ವರ್ಷದಿಂದ ಕಲಿಯೋರ ಬಗ್ಗೆ ಮಾತಾಡ್ತಿದೀಯಲ್ಲಪ್ಪ, ಒಬ್ಬಳು ಎದುರಿಗೆ ಬಂದು ನಿಂತ್ರೆ ಗುರುತು ಸಿಗಲಿಲ್ವಲ್ಲ ನಿನಗೆ! ಪರೀಕ್ಷೆಗೆ ಇವರಿಗೆ ಉಳಿದಿರೋದು ಆರು ಗುರುವಾರ. ಅದ್ರಲ್ಲಿ ನಾಲ್ಕನ್ನ ನೀವು ಕಿತ್ಕೊಂಡು, ನನ್ನನ್ನ ಇಲ್ಲಿ ಕೂರಿಸಿ, ಕಲಿಯೋರ ಹಾಗೆ ನಟನೆ ಮಾಡು ಅಂತೀರಿ. ನನ್ನ ಹತ್ರ ನಿಜವಾದೋರೇ ಇದಾರಲ್ರೀ, ಒಂಬತ್ತು ಜನ! ಅವರ ಹತ್ರ ಹೋಗೋಕೆ ಬಿಡ್ರೋ ನನ್ನ!”

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಆ ದನಿ ಒಡೆದದ್ದನ್ನು ನಾನು ಕೇಳಿರಲಿಲ್ಲ.

ತಜ್ಞನಿಗೆ ನಮ್ಮ ಭಾಷೆ ಬಾರದು. ಅವನು ಕಣ್ಣು ಮಿಟುಕಿಸದೆ ಕೇಳಿದ. ಆಮೇಲೆ, ದೇವರೇ, ಮತ್ತೆ ಚಪ್ಪಾಳೆಗೆ ಸನ್ನೆ ಮಾಡುತ್ತ ಕೈ ಎತ್ತಿದ.

“ಕೋಪಗೊಂಡ ಶಿಕ್ಷಕಿ!” ಎಂದ. “ಅದೂ ಮಾತೃಭಾಷೆಯಲ್ಲಿ! ನೋಡಿ, ಎಷ್ಟು ಆಳಕ್ಕೆ ಇಳಿದಿದ್ದಾರೆ ಪಾತ್ರದೊಳಗೆ!”

ಮುಂದಿನ ಸಾಲಿನಲ್ಲಿ ಮೊದಲು ಚಪ್ಪಾಳೆ ಶುರುಮಾಡಿದವನು ಸ್ಟೇಪ್ಲರ್. ಪ್ರಾಣ ಉಳಿಸಿಕೊಳ್ಳುವವನ ಹಾಗೆ ತಟ್ಟಿದ.

ಮೇಡಂ ಹಸಿರು ಪುಸ್ತಕವನ್ನು ಬ್ಯಾಗಿಗೆ ತುರುಕಿ, ಒಂಬತ್ತು ಜನರನ್ನೂ ಎಬ್ಬಿಸಿಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ. ಏಳನೇ ಕೋಣೆಯಲ್ಲಿ ದೀಪ ಹಾಕಿ, ಚಾಕ್‌ಪೀಸು ಹಿಡಿದು ಮೇಡಂ ಬೋರ್ಡಿನ ಮುಂದೆ ನಿಂತರು. ಗೆದ್ದು ಬಂದವರ ಮುಖವಿತ್ತು, ನಾನೂ ಹಾಗೆಯೇ ಅಂದುಕೊಂಡಿದ್ದೆ. ದೊಡ್ಡಮ್ಮ ಮಾತ್ರ ಕೂರಲಿಲ್ಲ. ಬಾಗಿಲ ಬಳಿಯೇ ನಿಂತಿದ್ದಳು.

“ಅವ್ರು ನನ್ನ ಟೀಚರ್ ಅಂದ್ಕೊಂಡಿದ್ರಾ ಮೇಡಂ?”

“ಹೂಂ ಕಣಮ್ಮ. ಮೂರ್ಖ.”

“ಎಲ್ರೂ?”

“ತುಂಬಾ ಜನ.”

ದೊಡ್ಡಮ್ಮ ಕೊರಳಿನ ಕಾರ್ಡನ್ನು ಬೆರಳಿಂದ ತಿರುಗಿಸುತ್ತ ನಿಂತಳು. “ಹಾಗಾದ್ರೆ ನೀವ್ಯಾಕೆ ಹೇಳಿದ್ರಿ? ಲಾಂಡ್ರಿಯವಳು ಅಂತ ಅಷ್ಟು ಜನರ ಎದುರಿಗೆ ಕೂಗಿ ಹೇಳ್ಬೇಕಿತ್ತಾ? ಒಂದೈದು ನಿಮಿಷ ಟೀಚರ್ ಆಗಿದ್ದೆ. ಇರ್ಲಿ ಬಿಡೋದಲ್ವಾ? ಯಾರ ಗಂಟು ಹೋಗ್ತಿತ್ತು?”

ಪೂರ್ಣವಿರಾಮ ಮೇಡಂ ಕೈಯಲ್ಲಿದ್ದ ಚಾಕನ್ನು ಮೇಜಿನ ಮೇಲಿಟ್ಟರು. ಕೆಳಗೆ ಜೆರಾಕ್ಸ್ ಯಂತ್ರ ಗುಂಯ್ ಎನ್ನುತ್ತಿತ್ತು. ಉಳಿದ ಎಂಟು ಜನ ನೆಲ ನೋಡುತ್ತಿದ್ದರು.

“ತಪ್ಪಾಯ್ತು,” ಎಂದರು ಮೇಡಂ ಕೊನೆಗೆ. “ನನ್ನ ಸಿಟ್ಟಲ್ಲಿ ನಿನ್ನ ನೋಡ್ಲಿಲ್ಲ.”

“ಇರ್ಲಿ ಬಿಡಿ,” ಎಂದಳು ದೊಡ್ಡಮ್ಮ. ಆದರೆ ದನಿಯಲ್ಲಿ ‘ಇರಲಿ’ ಇರಲಿಲ್ಲ. ಕೂತಳು, ಪುಸ್ತಕ ತೆರೆದಳು. ಉಳಿದ ಒಂದು ಗಂಟೆ ಪಾಠ ನಡೆಯಿತು. ಅರ್ಧ ವಾಕ್ಯಗಳಿಗೆ ಅವಳು ಉಳಿದರ್ಧ ಸೇರಿಸಿದಳು, ಒಂದನ್ನೂ ಬಿಡದೆ, ನಗದೆ.

ಮರುದಿನ ಹಾಜರಿ ಪಟ್ಟಿಯಲ್ಲಿ ಮೇಡಂ ಹೆಸರಿನ ಮುಂದೆ ‘ಅರ್ಧದಲ್ಲಿ ನಿರ್ಗಮನ’ ಎಂದಿತ್ತು. ಸೀಲು ಇಲ್ಲ. ಇನ್ನು ಉಳಿದದ್ದು ಮೂರು ಉಪನ್ಯಾಸ, ಆರು ಸೀಲು. ಬೇಕಾದದ್ದು ಎಂಟು. ಈಗ ಮೇಡಂ ಎಲ್ಲ ಗುರುವಾರವನ್ನೂ ಉಪನ್ಯಾಸಕ್ಕೆ ಬಲಿಕೊಟ್ಟರೂ ಪುಸ್ತಕ ತುಂಬುವುದಿಲ್ಲ, ಅರ್ಜಿಗೆ ಸಹಿ ಬೀಳುವುದಿಲ್ಲ. ಒಂಬತ್ತು ಅರ್ಜಿಗಳು ಏಳನೇ ಕೋಣೆಯ ಮೇಜಿನ ಡ್ರಾಯರಿನಲ್ಲಿ ಮಲಗಿದ್ದವು. ದೊಡ್ಡಮ್ಮನದಕ್ಕೆ ಫೋಟೋ ಕೂಡ ಅಂಟಿಸಿ ಆಗಿತ್ತು. ಸ್ಟುಡಿಯೋದವನು ಕೊಟ್ಟ ಕೋಟು ಹಾಕಿಕೊಂಡು ತೆಗೆಸಿದ್ದಳು.

ಐದು ದಿನ ಮೇಡಂ ಯಾರೊಡನೆಯೂ ಜಗಳವಾಡಲಿಲ್ಲ. ಅದು ಅಪಾಯದ ಲಕ್ಷಣ. ಯಜಮಾನರು ಎರಡು ಸಲ ನನಗೆ ಫೋನ್ ಮಾಡಿ, “ನಮ್ಮನೇಲಿ ಗಡಿಯಾರದ ಸದ್ದು ಕೇಳಿಸ್ತಿದೆ ಕಣಮ್ಮ, ಭಯ ಆಗ್ತಿದೆ,” ಎಂದರು.

ಆರನೇ ದಿನ ನಿರ್ದೇಶಕಿಯಿಂದ ಕರೆ ಬಂತು. ಕೆಲಸ ಹೋಯಿತೆಂದೇ ನಾವೆಲ್ಲ ತೀರ್ಮಾನಿಸಿದೆವು. ಮೇಡಂ ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೆ. ನಿರ್ದೇಶಕಿಯ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳು, ನೀರು ಕಾಣದ ಪ್ಲಾಸ್ಟಿಕ್ ಗಿಡ. ಮೂಲೆಯಲ್ಲಿ ಸ್ಟೇಪ್ಲರ್ ನಿಂತಿದ್ದ. ನಿರ್ದೇಶಕಿ ಎದ್ದು ಬಂದು ಮೇಡಂ ಕೈ ಕುಲುಕಿದರು.

“ತಜ್ಞರ ವರದಿ ಬಂದಿದೆ ಮೇಡಂ. ನಮ್ಮ ಸಂಸ್ಥೆ ಬಗ್ಗೆ ಒಂದು ಪುಟ ಪೂರ್ತಿ ಬರೆದಿದಾರೆ. ಇಂಥ ಪ್ರಾತ್ಯಕ್ಷಿಕೆ ಅವರು ಎಲ್ಲೂ ನೋಡಿಲ್ವಂತೆ. ನಿಜವಾದ ಲಾಂಡ್ರಿ ಅಂಗಿ ಬೇರೆ ಹಾಕಿಸಿದ್ರಂತಲ್ಲ, ಎಷ್ಟು ಚೆನ್ನಾದ ಕಲ್ಪನೆ!”

ನಾನು ಸ್ಟೇಪ್ಲರ್ ಮುಖ ನೋಡಿದೆ. ಅವನು ಪ್ಲಾಸ್ಟಿಕ್ ಗಿಡದ ಎಲೆ ಎಣಿಸುತ್ತಿದ್ದ. ನಿಜ ಹೇಳಿದರೆ, ಪಟ್ಟಿಯಲ್ಲಿಲ್ಲದ ಒಂಬತ್ತು ಜನರನ್ನು ಒಳಗೆ ಬಿಟ್ಟದ್ದಕ್ಕೆ ಅವನು ಫಾರ್ಮು ತುಂಬಬೇಕಾಗುತ್ತಿತ್ತು.

“ಶನಿವಾರ ಬೆಳಿಗ್ಗೆ ಒಂದು ವಿಶೇಷ ಉಪನ್ಯಾಸ ಇಟ್ಕೊಂಡಿದೀವಿ,” ಎಂದರು ನಿರ್ದೇಶಕಿ. “ಬೇರೆ ಸಂಸ್ಥೆಗಳಿಂದಲೂ ಟೀಚರ್‌ಗಳು ಬರ್ತಾರೆ. ನೀವೇ ಮಾತಾಡ್ಬೇಕು.”

ಇಪ್ಪತ್ತೆಂಟು ವರ್ಷ ಕೆಳಗೆ ಕೂತು ಉಗುಳು ನುಂಗಿದ ಹೆಂಗಸಿಗೆ ವೇದಿಕೆಯನ್ನೇ ಕರೆದು ಕೊಡುತ್ತಿದ್ದಾರೆ! ಈಕೆ ಉರಿದುಬೀಳುತ್ತಾರೆ, ವರದಿಯನ್ನು ಹರಿದು ಆ ಗಿಡಕ್ಕೆ ಗೊಬ್ಬರ ಹಾಕುತ್ತಾರೆ. ಇಲ್ಲವೇ ಒಪ್ಪಿಕೊಂಡು ಶನಿವಾರ ಮೈಕಿನ ಮುಂದೆ ಎಲ್ಲರ ಚಳಿ ಬಿಡಿಸುತ್ತಾರೆ. ಎರಡರಲ್ಲಿ ಯಾವುದಾದರೂ ನನಗೆ ಸಮ್ಮತವೇ.

ಮೇಡಂ ಒಂದೇ ಪ್ರಶ್ನೆ ಕೇಳಿದರು. “ಮಾತಾಡೋರಿಗೆ ಎಷ್ಟು ಸೀಲು?”

“ಭಾಷಣ ಕೊಟ್ಟೋರಿಗೆ ಗಂಟೆಗೆ ನಾಲ್ಕು ಮೇಡಂ,” ಎಂದ ಸ್ಟೇಪ್ಲರ್. “ಎರಡು ಗಂಟೆಗೆ ಎಂಟು.”

“ಸರಿ. ಮಾತಾಡ್ತೀನಿ. ಸೀಲು ಈಗ್ಲೇ ಹಾಕಿ.” ಬ್ಯಾಗಿನಿಂದ ಹಸಿರು ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಎಂಟೂ ಸೀಲು ಬೀಳುವವರೆಗೆ ಕದಲಲಿಲ್ಲ. ಆಮೇಲೆ, ಬರುವಾಗ ಡ್ರಾಯರಿನಿಂದ ಬ್ಯಾಗಿಗೆ ಹಾಕಿಕೊಂಡಿದ್ದ ಒಂಬತ್ತು ಅರ್ಜಿಗಳನ್ನು ಹೊರತೆಗೆದು, ಅಲ್ಲೇ ನಿಂತು, ನಿರ್ದೇಶಕಿಯ ಪೆನ್ನಿನಿಂದಲೇ ಸಹಿ ಮಾಡಿದರು. ದೊಡ್ಡಮ್ಮನದು ಎಲ್ಲಕ್ಕಿಂತ ಮೇಲಿತ್ತು.

ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಶನಿವಾರದ ಆ ಸಭಾಂಗಣ, ಆ ಮೈಕು, ಸಾಲಾಗಿ ಕೂತ ಮುಖಗಳು ಆಗಲೇ ಕಣ್ಣಿಗೆ ಕಟ್ಟಿದ್ದವು. ಅವರ ತೋಳು ಹಿಡಿದು ನಿಲ್ಲಿಸಿದೆ.

“ಮೇಡಂ, ಇಷ್ಟು ವರ್ಷದ್ದು ಹೊಟ್ಟೇಲಿದೆ. ಶನಿವಾರ ಅವರಿಗೆಲ್ಲ ಏನು ಹೇಳ್ತೀರಿ?”

“ಆ ತಜ್ಞನ ಸ್ಲೈಡುಗಳನ್ನೇ ಸ್ಟೇಪ್ಲರ್ ಹತ್ರ ಕೇಳಿ ಇಸ್ಕೊಳ್ತೀನಿ ಕಣೇ,” ಎಂದರು ಮೇಡಂ. “ಅದನ್ನೇ ಓದಿ ಹೇಳಿದ್ರಾಯ್ತು. ತಯಾರಿ ಮಾಡ್ಕೊಳೋಕೆ ಟೈಮ್ ಎಲ್ಲಿದೆ? ಗುರುವಾರ ಕ್ಲಾಸಿದೆ.”